ಅಭ್ಯಂತರ

ಕೋಟೆಗುಡ್ಡದ ಮೆಟ್ಟಿಲು ಅರ್ಧ ಹತ್ತುವಷ್ಟರಲ್ಲಿ ದಾನಿಯೇಲಪ್ಪ ಉಸ್ಸಪ್ಪಾ ಎಂದು ಕೂತುಬಿಟ್ಟರು. ಹೊನ್ನೂರಮ್ಮ ಕೂರಲಿಲ್ಲ. ಬೆನ್ನಿಗೆ ಎಂಟು ಕೆಜಿ ಉಸುಕಿನ ಚೀಲ, ಸೀರೆಯ ಕೆಳಗೆ ಹೊಸ ಬೂಟು, ಅರವತ್ತೊಂದು ವಯಸ್ಸು. ಎಡ ಮೊಣಕಾಲು ಪ್ರತಿ ಮೆಟ್ಟಿಲಿಗೂ ತಕರಾರು ತೆಗೆಯುತ್ತಿತ್ತು. ಕೊಟ್ಟವನು ನೀನು, ನೋಡಿಕೊಳ್ಳುವವನೂ ನೀನೇ ಎಂದು ಕರ್ತನಾದ ದೇವರಿಗೆ ಖಡಾಖಂಡಿತ ಹೇಳಿಬಿಟ್ಟು ಆಕೆ ಮತ್ತೊಂದು ಮೆಟ್ಟಿಲು ಹತ್ತಿದಳು. ಇದು ಪ್ರಾರ್ಥನೆಯೋ ಜಗಳವೋ ಎಂದು ಯಾರಾದರೂ ಕೇಳಿದ್ದರೆ, ಎರಡೂ ಹೌದು ಎನ್ನುತ್ತಿದ್ದಳು.

ಬಳ್ಳಾರಿ ಕಂಟೋನ್ಮೆಂಟಿನ ಅವರ ಕ್ರೈಸ್ತ ಸಭೆಯಿಂದ ಆರು ಜನ ಮಾರ್ಚಿನಲ್ಲಿ ಈಶಾನ್ಯದ ಗಡಿಬೆಟ್ಟಗಳಿಗೆ ಸುವಾರ್ತೆ ಸೇವೆಗೆ ಹೊರಡುವವರಿದ್ದರು. ರೈಲು, ಜೀಪು ಎಲ್ಲ ಮುಗಿದ ಮೇಲೆ ಮೂರು ದಿನದ ನಡಿಗೆ. ಅಲ್ಲಿ ಹೆರಿಗೆ ಕಷ್ಟವಾದರೆ ಬಸುರಿಯನ್ನು ಬುಟ್ಟಿಯಲ್ಲಿ ಹೊತ್ತು ಬೆಟ್ಟ ಇಳಿಸುತ್ತಾರೆ, ಎಷ್ಟೋ ಸಲ ದಾರಿಯಲ್ಲೇ ಜೀವ ಹೋಗಿರುತ್ತದೆ ಎಂದು ಅಲ್ಲಿಂದ ಬಂದಿದ್ದ ಮಿಷನರಿಯೊಬ್ಬರು ಹೇಳಿದ್ದರು. ಅವರ ಮಾತು ಮುಗಿಯುವ ಮುಂಚೆಯೇ ಹೊನ್ನೂರಮ್ಮ ಎದ್ದುನಿಂತು ಹೆಸರು ಕೊಟ್ಟಿದ್ದಳು. ಸಿರುಗುಪ್ಪದ ಸುತ್ತಲಿನ ಹಳ್ಳಿಗಳಲ್ಲಿ ಮೂವತ್ತೆರಡು ವರ್ಷ ನರ್ಸಮ್ಮನಾಗಿ, ಗದ್ದೆಯ ಬದುವಿನ ಮೇಲೆ ನಡೆದು, ತುಂಬಿದ ಹಗರಿ ಹೊಳೆಯನ್ನು ತೆಪ್ಪದಲ್ಲಿ ದಾಟಿ ಹೆರಿಗೆ ಮಾಡಿಸಿದವಳು ಆಕೆ. ಅಂದಿನಿಂದ ಪ್ರತಿ ಶುಕ್ರವಾರ ಉಪವಾಸ, ಬೆಳಿಗ್ಗೆ ನಡಿಗೆಯ ರೂಢಿಗೆ ಭಾರ ಹೊತ್ತು ಗುಡ್ಡ, ಸಂಜೆ ಪ್ರಾರ್ಥನೆ. 'ನೂಕು', 'ಉಸಿರು ಬಿಡು', 'ಹೆದರಬೇಡ' ಎಂಬ ಮೂರು ಮಾತುಗಳನ್ನು ಅಲ್ಲಿಯ ಭಾಷೆಯಲ್ಲಿ ಬಾಯಿಪಾಠ ಮಾಡಿಕೊಂಡಿದ್ದಳು.

ದಾನಿಯೇಲಪ್ಪ ಸಭೆಯ ಕಾರ್ಯದರ್ಶಿ, ತಾಲ್ಲೂಕು ಕಚೇರಿಯ ನಿವೃತ್ತ ಗುಮಾಸ್ತರು. ಈಕೆ ಹೋಗುವುದು ಅವರಿಗೆ ಸುತರಾಂ ಇಷ್ಟವಿರಲಿಲ್ಲ. ಮನಸ್ಸು ತಿರುಗಿಸಲೆಂದೇ ಆ ದಿನ ಜೊತೆಗೆ ಗುಡ್ಡಕ್ಕೆ ಬಂದು ವಯಸ್ಸಿನ ಮಾತೆತ್ತಿದರು, ಮೊಣಕಾಲಿನ ಮಾತೆತ್ತಿದರು. ಗುಡ್ಡ ಇಳಿದ ಮೇಲೆ ಕೊನೆಯ ಅಸ್ತ್ರವೆಂಬಂತೆ ಒಂದು ಒಪ್ಪಿಗೆ ಪತ್ರ ಕೈಗಿತ್ತರು. ಹೋಗುವವರೆಲ್ಲರ ರಕ್ತಸಂಬಂಧಿ ಇದಕ್ಕೆ ಸಹಿ ಹಾಕಬೇಕು, ಭಾನುವಾರದೊಳಗೆ ಬರದಿದ್ದರೆ ಹೆಸರು ತೆಗೆಯಬೇಕಾಗುತ್ತದೆ ಎಂದರು. ಗಂಡ ತೀರಿಹೋಗಿದ್ದ, ಮಕ್ಕಳಾಗಿರಲಿಲ್ಲ. ಉಳಿದಿದ್ದ ರಕ್ತಸಂಬಂಧಿ ಒಬ್ಬನೇ, ಕುರುಗೋಡಿನ ಅಣ್ಣ ಹುಲುಗಪ್ಪ. ಆಕೆ ದೀಕ್ಷಾಸ್ನಾನ ಮಾಡಿಸಿಕೊಂಡು ಕ್ರೈಸ್ತಳಾದ ದಿನದಿಂದ ಹತ್ತೊಂಬತ್ತು ವರ್ಷ ಅವನು ಮಾತು ಬಿಟ್ಟಿದ್ದ. ಅವ್ವನ ಮಣ್ಣಿಗೂ ಹೇಳಿ ಕಳಿಸಿರಲಿಲ್ಲ. ಇದೆಲ್ಲ ದಾನಿಯೇಲಪ್ಪನವರಿಗೆ ಚೆನ್ನಾಗಿ ಗೊತ್ತಿತ್ತು.

ಶನಿವಾರ ಆಕೆ ಕುರುಗೋಡಿನ ಬಸ್ಸು ಹತ್ತಿದಳು. ಹುಲುಗಪ್ಪ ಕಟ್ಟೆಯ ಮೇಲೆ ಕೂತು ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದ. ತಂಗಿಯನ್ನು ಕಂಡೂ ಕಾಣದವನಂತೆ ಮತ್ತೊಂದು ಕಾಯಿ ಎತ್ತಿಕೊಂಡ. ಅತ್ತಿಗೆ ಹಂಪಕ್ಕ ಒಳಗಿಂದ ಬಂದು ಒಂದು ಚೊಂಬು ನೀರು ತಂದಿಟ್ಟು, ಗಂಡನ ಮುಖ ನೋಡುತ್ತ ಬಾಗಿಲಲ್ಲೇ ನಿಂತಳು. ಹೊನ್ನೂರಮ್ಮ ಎಲ್ಲಿಗೆ, ಯಾಕೆ, ಎಷ್ಟು ದಿನ ಎಂದು ಚುಟುಕಾಗಿ ಹೇಳಿ ಕಾಗದ ಮುಂದೆ ಹಿಡಿದಳು.

"ದೇವರ್ನ ಬದಲಿ ಮಾಡುವಾಗ ನನ್ನ ಕೇಳಿದ್ದೇನು? ಈಗ ಗುಡ್ಡ ಹತ್ತಾಕ ಯಾಕ ಕೇಳ್ತಿ?" ಎಂದ ಹುಲುಗಪ್ಪ.

"ನಾ ಕೇಳಾಕ ಬಂದಿಲ್ಲಣ್ಣ. ಸಹಿ ತಗೊಂಡು ಹೋಗಾಕ ಬಂದೀನಿ."

"ನಿನ್ನ ದೇವ್ರಿಗೆ ಬಳ್ಳಾರ್‍ಯಾಗ ಕೆಲಸ ಇಲ್ಲೇನು?"

"ಅಲ್ಲೆ ಬಸುರಿ ಹೆಂಗಸ್ರು ಸಾಯಾಕತ್ತಾರ. ಕರದಾನ, ಹೊಂಟೀನಿ."

ಹಟಮಾರಿ ಹಟಮಾರಿಯೇ, ಚಿಕ್ಕಂದಿನಿಂದಲೂ ಇವಳು ಹೀಗೇ ಎಂದು ಅವನು ಹೆಂಡತಿಯ ಕಡೆ ತಿರುಗಿ ಗೊಣಗಿದ. ಕೈ ಒರೆಸಿಕೊಂಡು ಕಾಗದ ತಗೊಂಡು, ಕನ್ನಡಕ ಏರಿಸಿ, ಒಂದೊಂದೇ ಅಕ್ಷರ ಕೂಡಿಸಿಕೊಂಡು ಗಟ್ಟಿಯಾಗಿ ಓದತೊಡಗಿದ. "ಪ್ರಯಾಣದಲ್ಲಿ ಮರಣ ಸಂಭವಿಸಿದಲ್ಲಿ, ಪಾರ್ಥಿವ ಶರೀರವನ್ನು ಅಲ್ಲಿಯೇ ಸಮಾಧಿ ಮಾಡಲು ನಮ್ಮ ಅಭ್ಯಂತರವಿರುವುದಿಲ್ಲ" ಎಂಬಲ್ಲಿ ನಿಂತ. ಅದನ್ನೇ ಮತ್ತೊಮ್ಮೆ ಬಾಯೊಳಗೆ ಓದಿಕೊಂಡ. ಹಂಪಕ್ಕ ಬಾಗಿಲು ಬಿಟ್ಟು ಹೊರಗೆ ಬಂದಳು.

"ಯಾರಿದನ್ನ ಬರದವ್ರು?"

"ನಮ್ಮ ಸಭಿಯವ್ರು."

"ನನ್ನ ಕೇಳದನ ಅಭ್ಯಂತರ ಇಲ್ಲಂತ ಹೆಂಗ ಬರದ್ರು? ನನಗ ಅಭ್ಯಂತರ ಐತಿ. ಹತ್ತೊಂಬತ್ತು ವರ್ಷದಿಂದ ಐತಿ."

ಪೆನ್ನು ತರಿಸಿಕೊಂಡು ಆ ಸಾಲಿನ ಮೇಲೆ ಎರಡು ಸಲ ಗೀಟೆಳೆದ. ಕೆಳಗೆ ಏನೋ ಬರೆದು, ಸಹಿ ಹಾಕಿ, ಮಡಚಿ ಅವಳ ಕೈಗೆ ತುರುಕಿ, ಮತ್ತೆ ಮೆಣಸಿನಕಾಯಿಗೆ ಕೈ ಹಾಕಿದ. ಊಟ ಮಾಡಿ ಹೋಗು ಎನ್ನಲಿಲ್ಲ. ಕಾಗದ ಕೆಡಿಸಿಬಿಟ್ಟನಲ್ಲ ಎಂದು ಹೊನ್ನೂರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಬಸ್ ನಿಲ್ದಾಣದವರೆಗೂ ಅವನನ್ನು ಬೈದುಕೊಂಡೇ ಬಂದಳು. ಬಸ್ಸು ಊರು ದಾಟಿದ ಮೇಲೆ ಬಿಚ್ಚಿ ನೋಡಿದಳು. ಸೊಸೈಟಿಗೆ ಅರ್ಜಿ ಬರೆದು ರೂಢಿಯಿದ್ದವನ ದಪ್ಪ ಅಕ್ಷರ: 'ಸದರಿಯವಳನ್ನು ತವರುಮನೆ ಕುರುಗೋಡಿಗೆ ತರತಕ್ಕದ್ದು. ಅವ್ವನ ಮಗ್ಗುಲಿಗೆ ಜಾಗ ಐತಿ.' ಬಳ್ಳಾರಿ ಬರುವವರೆಗೂ ಆಕೆ ಅತ್ತಳು. ಪಕ್ಕದವಳು ಏನಾಯ್ತಮ್ಮಾ ಎಂದು ಕೇಳಿದರೆ ನಮ್ಮಣ್ಣ ಎಂದಷ್ಟೇ ಹೇಳಿದಳು.

ಭಾನುವಾರ ಆರಾಧನೆ ಮುಗಿದ ಮೇಲೆ ದಾನಿಯೇಲಪ್ಪ ಕಾಗದ ನೋಡಿ ತಲೆ ಅಲ್ಲಾಡಿಸಿದರು. ಅಷ್ಟು ದೂರದ ಬೆಟ್ಟದಿಂದ ಹೆಣ ಹೊತ್ತು ತರುವ ಜವಾಬ್ದಾರಿಯನ್ನು ಸಭೆ ಹೊರಲಾರದು, ಬೇರೆ ಪತ್ರ ಕೊಡುತ್ತೇನೆ, ಗೀಟು ಗೀಚು ಇಲ್ಲದೆ ಸಹಿ ಮಾಡಿಸಿಕೊಂಡು ಬನ್ನಿ ಎಂದರು. ಪಾಸ್ಟರ್ ಪಕ್ಕದಲ್ಲೇ ನಿಂತಿದ್ದರು.

"ಇನ್ನೊಂದು ಸಹಿಗೆ ನಾ ಹೋಗಂಗಿಲ್ಲರಿ," ಎಂದಳು ಹೊನ್ನೂರಮ್ಮ. "ಹತ್ತೊಂಬತ್ತು ವರ್ಷಕ್ಕ ನಮ್ಮಣ್ಣ ಬರದಿದ್ದು ಎರಡು ಸಾಲು. ಅದನ್ನ ಅಳಸಾಕ ನನ್ನ ಕೈಲಿಂದ ಆಗಂಗಿಲ್ಲ. ಹೋಗೂದಂತೂ ಹೋಗಾಕಿ. ಹೆಣ ತರಬೇಕಾಗ್ತೈತಿ ಅಂತ ಅಂಜಿಕಿ ಇದ್ರ, ಜೀವಂತ ಕರ್ಕೊಂಡು ಬರ್ರಿ."

ಪಾಸ್ಟರ್ ನಕ್ಕುಬಿಟ್ಟರು. ದಾನಿಯೇಲಪ್ಪ ನಗಲಿಲ್ಲ. ಗೀಟೆಳೆದ ಸಾಲನ್ನೂ ಅದರ ಕೆಳಗಿನ ದಪ್ಪ ಅಕ್ಷರಗಳನ್ನೂ ಬಹಳ ಹೊತ್ತು ನೋಡಿದರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು, ತಿದ್ದಿದ ಜಾಗದ ಪಕ್ಕದಲ್ಲಿ ಒಪ್ಪಿದ ಗುರುತಿಗೆ ತಮ್ಮ ಸಣ್ಣ ಸಹಿ ಹಾಕಿದರು.

"ಬರೇ ಕುರುಗೋಡು ಅಂದ್ರ ಆಗಂಗಿಲ್ಲಮ್ಮ. ಪೂರ್ತಿ ವಿಳಾಸ ಹೇಳ್ರಿ."

"ಬಸವಣ್ಣನ ಗುಡಿ ದಾಟಿ ಎಡಕ್ಕ ಮೂರನೇದು. ಸಿಗಲಿಲ್ಲಂದ್ರ ಹುಲುಗಪ್ಪನ ತಂಗಿ ತವರುಮನಿ ಯಾವುದಂತ ಕೇಳ್ರಿ. ಯಾರಾದ್ರೂ ತೋರಸ್ತಾರ."

ದಾನಿಯೇಲಪ್ಪ ಬಗ್ಗಿ, ಆಕೆ ಹೇಳಿದ ಹಾಗೆಯೇ ಬರೆದುಕೊಳ್ಳತೊಡಗಿದರು.