ಕಾಲಿಗೆ ಬುದ್ಧಿ ಹೇಳಿದ ನಿರ್ದೇಶಕರು

ಅಣುವಿದ್ಯುತ್ ಸ್ಥಾವರದ ನಿರ್ದೇಶಕರಿಗೆ ಕೆಳಗಿನವರು ಇಟ್ಟ ಹೆಸರು ‘ಭಾಷಣ’. ರಿಯಾಕ್ಟರ್ ವಿಭಾಗದ ಮುಖ್ಯ ಎಂಜಿನಿಯರಮ್ಮನಿಗೆ ಆ ಹೆಸರೂ ಅವರಿಗೆ ಹೆಚ್ಚಾಯಿತು ಅನ್ನಿಸುತ್ತಿತ್ತು. ಭಾಷಣಕ್ಕಾದರೂ ಒಂದು ವಿಷಯ ಬೇಕಲ್ಲ.

ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು. ಆಕೆ ಪಂಪು, ವಾಲ್ವು, ಉಗಿ ಕೊಳವೆಗಳ ನಡುವೆ ಬೆವರು ಸುರಿಸಿ ಮೇಲೆ ಬಂದರು. ಅವರು ಮೇಲಿನವರಿಗೆ ಬೆಣ್ಣೆ ಹಚ್ಚುತ್ತ ಇನ್ನೂ ಮೇಲೆ ಹೋದರು. ರಿಯಾಕ್ಟರ್ ಕಟ್ಟಡದೊಳಗೆ ಅವರು ಕಾಲಿಡುತ್ತಿದ್ದದ್ದು ಅತಿಥಿಗಳು ಬಂದಾಗ ಮಾತ್ರ, ಅದೂ ಫೋಟೋ ತೆಗೆಯುವವನನ್ನು ಕಟ್ಟಿಕೊಂಡು. ಹೆಲ್ಮೆಟ್ಟನ್ನು ಹಿಂದುಮುಂದಾಗಿ ಹಾಕಿಕೊಂಡ ಅವರ ಚಿತ್ರವೊಂದು ಸ್ವಾಗತ ಕೋಣೆಯಲ್ಲಿ ತೂಗುತ್ತಿತ್ತು. ತೆಗೆಸಿ ಎಂದು ಯಾರೂ ಹೇಳಲಿಲ್ಲ. ಎಂಜಿನಿಯರಮ್ಮನಂತೂ ಬೇಕೆಂದೇ ಹೇಳಲಿಲ್ಲ.

ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಸೈರನ್ ಕೂಗಿತು. ಪಂಪು ಕೋಣೆಯಲ್ಲಿ ವಿಕಿರಣ ಏರಿದೆ ಎಂದು ಅಲ್ಲಿನ ಮಾಪಕವೊಂದು ತೋರಿಸುತ್ತಿತ್ತು. ಆಕೆ ತುತ್ತು ಬಿಟ್ಟು ನಿಯಂತ್ರಣ ಕೊಠಡಿಗೆ ಬಂದರು. ರಿಯಾಕ್ಟರ್ ನಿಲ್ಲಿಸಲು ಹೇಳಿದರು, ಒಳಗಿದ್ದವರನ್ನೆಲ್ಲ ಹೊರಗೆ ಕರೆಸಿದರು. ವಿಚಿತ್ರವೆಂದರೆ ಅಕ್ಕಪಕ್ಕದ ಮಾಪಕಗಳು ತಣ್ಣಗಿದ್ದವು. ರಕ್ಷಣಾ ಉಡುಪು ತೊಡಿಸಿ ಇಬ್ಬರನ್ನು ಕಳಿಸಿ ನೋಡಿಸಿದರೆ, ಶುದ್ಧ ನೀರಿನ ಕೊಳವೆಯೊಂದು ಸೋರಿ ಆ ಒಂದು ಮಾಪಕ ತೊಯ್ದು ಹೋಗಿತ್ತು. ಅಷ್ಟೇ.

ಈ ನಡುವೆ ನಿರ್ದೇಶಕರ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಅವರ ಡ್ರೈವರ್ ಮೊಗಸಾಲೆಯಲ್ಲಿ ಪೆಚ್ಚಾಗಿ ನಿಂತಿದ್ದ.

“ಸಾಹೇಬ್ರು ಎಲ್ಲಪ್ಪಾ?”

“ಕೀ ಕಿತ್ಕೊಂಡು ತಾವೇ ಓಡಿಸ್ಕೊಂಡು ಹೋದ್ರು ಮೇಡಂ. ನಾನೂ ಹತ್ತೋಕೆ ಹೋದೆ, ಬಾಗಿಲು ತೆಗೀಲಿಲ್ಲ.”

ಸಂಜೆ ಗೇಟಿನ ಹತ್ತಿರ ನಿರ್ದೇಶಕರ ಹೆಂಡತಿ ಸಿಕ್ಕರು. ಅರ್ಧ ತಲೆ ಬಣ್ಣ ಹಚ್ಚಿ ಕಪ್ಪು, ಇನ್ನರ್ಧ ಬಿಳಿ.

“ಸೈರನ್ ಕೇಳಿ ಮನೆಯಿಂದ ಹಾಗೇ ಓಡಿ ಬಂದೆ. ನಮ್ಮನೆಯವ್ರ ಕಾರು ಬರೋದು ಕಂಡು ರಸ್ತೆ ಮಧ್ಯ ಕೈ ಅಡ್ಡ ಹಿಡಿದು ನಿಂತೆ ಕಣ್ರೀ. ಹಾರ್ನ್ ಹೊಡೆದ್ರು.”

“ನೀವೇ ಅಂತ ಗೊತ್ತಾಗಿರ್ಲಿಕ್ಕಿಲ್ಲ ಬಿಡಿ,” ಎಂದರು ಎಂಜಿನಿಯರಮ್ಮ, ತಾವೇ ನಂಬದೆ.

“ಮುಖ ನೋಡ್ಕೊಂಡೇ ಹೊಡೆದ್ರು.”

ಮರುವಾರ ಕೇಂದ್ರ ಕಚೇರಿಯ ಹಿರಿಯ ಅಧಿಕಾರಿ ವಿಚಾರಣೆಗೆ ಬಂದರು. ನಿರ್ದೇಶಕರು ಎದ್ದು ನಿಂತು ಕೋಟು ಸರಿಮಾಡಿಕೊಂಡರು. ಜನರನ್ನು ಸಾಗಿಸಬೇಕಾಗಿ ಬಂದರೆ ರಸ್ತೆ ಹೇಗಿದೆಯೋ ಎಂದು ಸ್ವತಃ ಪರೀಕ್ಷಿಸಲು ಹೋಗಿದ್ದರಂತೆ, ನಾಯಕನಾದವನು ಮುಂದಿರಬೇಕಂತೆ. ವಿಭಾಗದ ಮುಖ್ಯಸ್ಥರೆಲ್ಲ ಗೋಣು ಹಾಕಿದರು.

“ರಸ್ತೆ ಹೇಗಿತ್ತು ಸಾರ್?” ಎಂಜಿನಿಯರಮ್ಮ ಕೇಳಿದರು.

“ಸಲೀಸಾಗಿತ್ತು. ಯಾವ ಅಡ್ಡಿಯೂ ಇರ್ಲಿಲ್ಲ.”

“ಯಾರೋ ಕೈ ಅಡ್ಡ ಹಿಡಿದು ನಿಂತಿದ್ರಂತಲ್ಲ?”

“ಓ, ಅದಾ. ಯಾರೋ ಹೆಂಗಸು. ಗಾಬರಿ ಬಿದ್ದಿದ್ಲು ಪಾಪ.”

“ನಿಮ್ಮ ಮನೆಯವರು ಸಾರ್.”

ಅಧಿಕಾರಿ ಟೀ ಲೋಟ ಕೆಳಗಿಟ್ಟು ನಿರ್ದೇಶಕರ ಮುಖವನ್ನೇ ನೋಡಿದರು. ನಿರ್ದೇಶಕರು ನೀರು ಕುಡಿದರು; ಲೋಟ ಬರಿದಾದ ಮೇಲೂ ಕುಡಿಯುತ್ತಲೇ ಇದ್ದರು.

ಅವರನ್ನು ಮನೆಗೇನೂ ಕಳಿಸಲಿಲ್ಲ. ದೂರದ ತರಬೇತಿ ಕೇಂದ್ರಕ್ಕೆ ಹಾಕಿದರು, ಅಲ್ಲಿ ಹೊಸಬರಿಗೆ ನಾಯಕತ್ವ ಕಲಿಸಲು! ಮನೆಯ ಸಾಮಾನೆಲ್ಲ ಅವರ ಹಿಂದೆ ಲಾರಿಯಲ್ಲಿ ಹೋಯಿತು. ಹೆಂಡತಿ ಮಾತ್ರ ತಂಗಿಯ ಮನೆಗೆ ಹೋದರು. ಹೊರಡುವ ದಿನ ನಿರ್ದೇಶಕರು ಎಂಜಿನಿಯರಮ್ಮನ ಕೈ ಕುಲುಕಿ, “ನಿಮ್ಮ ಮೇಲೆ ನನಗೇನೂ ಬೇಸರ ಇಲ್ಲ. ಎಲ್ಲರ ಕೈಲೂ ದೊಡ್ಡ ಮನಸ್ಸು ಇಟ್ಕೊಳ್ಳೋಕೆ ಆಗಲ್ಲ,” ಎಂದರು. ಎಂಥ ಉಗುಳೂ ಅಂಟದ ಮೈ ಅದು ಎಂದುಕೊಂಡ ಆಕೆ ಕೈ ಬಿಡಿಸಿಕೊಂಡರು.

ಸ್ಥಾವರ ಆಕೆಯ ಪಾಲಿಗೆ ಬಂತು. ಮೊದಲ ಬೆಳಿಗ್ಗೆಯೇ ವಿಭಾಗದ ಮುಖ್ಯಸ್ಥರು ಹೂಗುಚ್ಛ ಹಿಡಿದು ಬಾಗಿಲಲ್ಲಿ ಸಾಲುಗಟ್ಟಿದ್ದರು. ಎಲ್ಲರಿಗಿಂತ ಮುಂದಿದ್ದವರು, “ನಿಮ್ಮಂಥ ನಾಯಕಿ ಸಿಕ್ಕಿದ್ದು ನಮ್ಮ ಪುಣ್ಯ ಮೇಡಂ,” ಎಂದು ಹಲ್ಲು ಕಿರಿದರು.

ಆಕೆ ಹೂವು ಮುಟ್ಟಲಿಲ್ಲ. “ಹೋದ ತಿಂಗಳು ಇದೇ ಮಾತು ಅವರಿಗೆ ಹೇಳ್ತಿದ್ರಿ. ಒಂದಕ್ಷರನಾದ್ರೂ ಬದಲಾಯಿಸ್ಕೊಂಡು ಬರಬಾರ್ದಿತ್ತಾ?”

ಮುಂದಿದ್ದವರು ಹೂಗುಚ್ಛವನ್ನು ಬೆನ್ನ ಹಿಂದಕ್ಕೆ ಸರಿಸಿದರು.

“ಹೋಗಿ, ಕೆಲಸ ನೋಡಿ,” ಎಂದು ಆಕೆ ಬಾಗಿಲು ಎಳೆದುಕೊಂಡರು.