ಸನ್ಮಾನಕ್ಕೆ ಬಂದ ಗೋಲು

ಸಿಯಾಟಲ್ ಹತ್ತಿರದ ಕ್ರಾಸ್‌ರೋಡ್ಸ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಗೆ ಹಂಗೇರಿಯ ಫುಟ್‌ಬಾಲ್ ಆಟಗಾರನೊಬ್ಬ ಬಂದಿದ್ದಾನೆ ಎಂದು ತಿಳಿದ ದಿನದಿಂದ ನನಗೆ ಕುತೂಹಲ ತಡೆಯಲಾಗಲಿಲ್ಲ. ಊರ ಉಸಾಬರಿಯೆಲ್ಲ ನಿನಗೇ ಬೇಕು ಎಂದು ನನ್ನ ಗಂಡ ಯತೀಶ್ ಗೊಣಗುತ್ತಾರೆ. ಗೊಣಗಲಿ. ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ನನ್ನ ಉದ್ಯೋಗ. ಮೂಗು ತೂರಿಸುವುದಕ್ಕೇ ನನಗೆ ಸಂಬಳ ಕೊಡುತ್ತಾರೆ.

ಅವನ ಹೆಸರು ಬಾರ್ನಾ. ಬಾಗಿಲಲ್ಲಿ ತಲೆ ತಗ್ಗಿಸಿ ಬರಬೇಕಾದಷ್ಟು ಎತ್ತರ, ಬಲ ಮಂಡಿ ಹಾಳಾಗಿತ್ತು. ಹಂಗೇರಿಯ ಕ್ಲಬ್ಬುಗಳಲ್ಲಿ ಡಿಫೆಂಡರ್ ಆಗಿ ಆಡಿ ನಿವೃತ್ತನಾದವನು, ಹೆಂಡತಿ ಎಮೆಷೆಗೆ ಸಿಯಾಟಲ್‌ನ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿದ್ದರಿಂದ ಇಲ್ಲಿಗೆ ಬಂದಿದ್ದ. ಸಂಜೆ ಪಾರ್ಕಿನಲ್ಲಿ ಮಕ್ಕಳಿಗೆ ಪುಕ್ಕಟೆ ಆಟ ಕಲಿಸುತ್ತಿದ್ದ. ಅವನ ಒಂಬತ್ತು ವರ್ಷದ ಮಗಳು ಝೋಫಿಯದೂ ನನ್ನ ಮಗಳು ಪಾವನಾಳದೂ ಒಂದೇ ಟೀಮು. ಅದರಲ್ಲಿ ಅರ್ಧಕ್ಕರ್ಧ ಕನ್ನಡದ ಮಕ್ಕಳೇ.

ಆದರೆ ಅವನ ಮನೆಯಲ್ಲಿ ಒಂದು ಟ್ರೋಫಿಯಿಲ್ಲ, ಜರ್ಸಿ ತೊಟ್ಟ ಒಂದು ಫೋಟೋ ಇಲ್ಲ. ಶಾಲೆಯ ಲಿಂಬೆಹಣ್ಣು-ಚಮಚ ಓಟದಲ್ಲಿ ಗೆದ್ದ ಸ್ಟೀಲ್ ಡಬ್ಬಿಯನ್ನೂ ಶೋಕೇಸಿನಲ್ಲಿಡುವ ಜನ ನಾವು. ಇದು ನನಗೆ ಅರ್ಥವಾಗಲಿಲ್ಲ. ಝೋಫಿಯೂ ಕಾಡುತ್ತಿದ್ದಳು, ಅಪ್ಪಾ, ನೀನು ಆಡಿದ ಒಂದೇ ಒಂದು ಮ್ಯಾಚ್ ತೋರಿಸು ಎಂದು. ವಿಡಿಯೋ ಯಾವುದೂ ಇಲ್ಲ ಎಂದು ಅವನು ಜಾರಿಕೊಳ್ಳುತ್ತಿದ್ದ.

ಒಂದು ಭಾನುವಾರ ನನ್ನ ಫಿಲ್ಟರ್ ಕಾಫಿ ಕುಡಿಯುತ್ತ ಎಮೆಷೆ ಬಾಯಿಬಿಟ್ಟಳು. ಝೋಫಿ ಎಳೆಗೂಸಾಗಿದ್ದಾಗ, ಆ ವರ್ಷದ ಲೀಗಿನ ಕೊನೆಯ ಮ್ಯಾಚಿನಲ್ಲಿ ಬಾರ್ನಾ ಸೇಮ್‌ಸೈಡ್ ಗೋಲು ಹೊಡೆದಿದ್ದ. ತಡೆಯಲು ಹೋಗಿ ತನ್ನ ತಂಡದ ಬಲೆಗೇ ಚೆಂಡನ್ನು ನೂಕಿದ್ದ. ಅದರಿಂದ ಕ್ಲಬ್ಬು ಕೆಳಗಿನ ದರ್ಜೆಗೆ ಬಿತ್ತು. ಬೀದಿಯಲ್ಲಿ ಜನ ಅವನ ಮೇಲೆ ಉಗುಳಿದರು.

"ಝೋಫಿಗೆ ಗೊತ್ತಾದ್ರೆ ಅವಳ ಕಣ್ಣಲ್ಲಿ ಸಣ್ಣವನಾಗ್ಬಿಡ್ತೀನಿ ಅಂತಾನೆ. ಅವನಿಗಿರೋದು ಅದೊಂದೇ ಭಯ," ಎಂದಳು ಎಮೆಷೆ.

ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಕೊಟ್ಟ ಮಾತನ್ನು ಉಳಿಸಿಕೊಂಡೆ ಕೂಡ. ನನ್ನ ಮಟ್ಟಿಗೆ ಅದು ಸಾಧನೆಯೇ.

2014ರ ನವೆಂಬರಿನಲ್ಲಿ ಲಿನ್‌ವುಡ್‌ನ ಶಾಲೆಯೊಂದರ ಸಭಾಂಗಣದಲ್ಲಿ ನಮ್ಮ ಕನ್ನಡ ಕೂಟದ ರಾಜ್ಯೋತ್ಸವ. ಸನ್ಮಾನ ಇಲ್ಲದೆ ನಮ್ಮವರ ಸಮಾರಂಭ ಮುಗಿಯುವುದುಂಟೇ? ಮಕ್ಕಳಿಗೆ ಆಟ ಕಲಿಸಿದ್ದಕ್ಕೆ ಈ ಸಲ ಬಾರ್ನಾನ ಸರದಿ. ಕಾರ್ಯದರ್ಶಿ ಅನಂತಪದ್ಮನಾಭ ಅವರು ಅವನನ್ನು ಕೆಂಪು ವೆಲ್ವೆಟ್ ಕುರ್ಚಿಯಲ್ಲಿ ಕೂರಿಸಿ, ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಾರ ಹಾಕಿ, ಮಡಿಲಿಗೆ ಹಣ್ಣಿನ ತಟ್ಟೆ ಕೊಟ್ಟರು. ಪೇಟ ಚಿಕ್ಕದಾಗಿ ನೆತ್ತಿಯ ಮೇಲೆ ಕುಳಿತಿತ್ತು. ಬಾರ್ನಾ ಮದುಮಗನಷ್ಟು ನಾಚಿಕೊಂಡಿದ್ದ.

ಅನಂತಪದ್ಮನಾಭ ಒಳ್ಳೆಯ ಮನುಷ್ಯ. ಕ್ರಿಕೆಟ್ ಬಿಟ್ಟು ಬೇರೆ ಆಟ ತಿಳಿಯದು, ಹಂಗೇರಿಯನ್ ಓದಲು ಬಾರದು. ಅತಿಥಿ ಪರಿಚಯಕ್ಕೆಂದು ಇಂಟರ್‌ನೆಟ್‌ನಲ್ಲಿ ಹುಡುಕಿದ್ದರು.

"ನಮ್ಮ ಬಾರ್ನಾ ಅವ್ರು ಎಷ್ಟು ಫೇಮಸ್ ಅಂದ್ರೆ, ಇವರ ಒಂದು ಗೋಲನ್ನ ಲಕ್ಷಗಟ್ಟಲೆ ಜನ ನೋಡಿದಾರೆ. ಎಲ್ಲರೂ ಸ್ವಲ್ಪ ಸ್ಕ್ರೀನ್ ಕಡೆ ನೋಡಿ," ಎಂದರು.

ಮಳೆಯಲ್ಲಿ ನೆನೆದ ಮೈದಾನ ಕಾಣಿಸಿತು. ಪಕ್ಕದಿಂದ ಚೆಂಡು ಹಾರಿ ಬಂತು. ಬಿಳಿ ಅಂಗಿಯ ಎತ್ತರದವನೊಬ್ಬ ಕಾಲು ಚಾಚಿದ. ಚೆಂಡು ಬಲೆಗೆ ಹೋಯಿತು. ಯಾವ ಗೋಲು ಯಾರದೆಂದು ಬಲ್ಲವರು ಅಲ್ಲಿ ಯಾರಿದ್ದರು? ಸಭಾಂಗಣವೇ ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನಿಂದ ಶಿಳ್ಳೆ, ಆಮೇಲೆ ನಮ್ಮ ಮಾಮೂಲಿ ಕೂಗು: "ಒನ್ಸ್ ಮೋರ್."

ಎಮೆಷೆಯ ಉಗುರು ನನ್ನ ಮುಂಗೈಗೆ ನಾಟಿತು. ನಾನು ಏಳುವಷ್ಟರಲ್ಲಿ ಅನಂತಪದ್ಮನಾಭ ಖುಷಿಯಿಂದ ಇನ್ನೊಮ್ಮೆ ಹಾಕಿಬಿಟ್ಟಿದ್ದರು.

ಟೀಮಿನ ಜೊತೆ ಮುಂದಿನ ಸಾಲಿನಲ್ಲಿದ್ದ ಝೋಫಿ ಮೊದಲ ಸಲ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದಿದ್ದಳು. ಎರಡನೆಯ ಸಲ ಅವಳ ಕೈ ನಿಂತಿತು. ಬಿಳಿ ಅಂಗಿಯವರು ತಲೆ ಹಿಡಿದು ಕೂತಿದ್ದರು. ಅಪ್ಪಿಕೊಂಡು ಕುಣಿಯುತ್ತಿದ್ದವರದು ನೀಲಿ ಅಂಗಿ. ಅವಳು ಎದ್ದು ವೇದಿಕೆ ಹತ್ತಿದಳು. ಮಗು ಅಪ್ಪನಿಗೆ ಮುತ್ತು ಕೊಡಲು ಹೋಗುತ್ತಿದೆ ಎಂದು ಜನ ಇನ್ನಷ್ಟು ಚಪ್ಪಾಳೆ ತಟ್ಟಿದರು.

"ಅದು ನಿಮ್ದೇ ಗೋಲ್‌ಪೋಸ್ಟ್ ಅಲ್ವಾ?" ಇಂಗ್ಲಿಷಿನಲ್ಲಿ ಕೇಳಿದಳು. ಮೈಕು ಹತ್ತಿರವೇ ಇತ್ತು, ಎಲ್ಲರಿಗೂ ಕೇಳಿಸಿತು.

ಬಾರ್ನಾ ಪೇಟ ತೆಗೆದು ಮಡಿಲಲ್ಲಿಟ್ಟುಕೊಂಡ. "ಹೌದು. ನಮ್ದೇ."

ಅನಂತಪದ್ಮನಾಭರ ಮುಖ ಬಿಳಿಚಿಕೊಂಡಿತು.

"ಸೋತ್ರಾ?"

"ಸೋತ್ವಿ. ಕ್ಲಬ್ಬೇ ಕೆಳಗೆ ಬಿತ್ತು, ನನ್ನಿಂದ."

ಝೋಫಿ ಸ್ಕ್ರೀನಿನ ಕಡೆ ಇನ್ನೊಮ್ಮೆ ನೋಡಿದಳು. "ಹಿಂದೆ ಗೋಲ್‌ಕೀಪರ್ ಇದ್ದ. ಬಿಟ್ಬಿಡಬೇಕಿತ್ತು."

"ಬಿಡಬೇಕಿತ್ತು," ಎಂದ ಬಾರ್ನಾ.

"ಮುಂದಿನ ಮ್ಯಾಚ್ ಆಡಿದ್ಯಾ?"

ಇದನ್ನು ಅವನು ನಿರೀಕ್ಷಿಸಿರಲಿಲ್ಲ. ನಾನೂ ನಿರೀಕ್ಷಿಸಿರಲಿಲ್ಲ. ಇಷ್ಟು ಕೆದಕಿ ಕೇಳುವ ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ.

"ಆಡಿದೆ," ಎಂದ. "ಬಾಲ್ ಮುಟ್ಟಿದಾಗೆಲ್ಲ ಜನ ಹೋ ಅಂತ ಗೇಲಿ ಮಾಡ್ತಿದ್ರು."

"ಆದ್ರೂ ಆಡಿದ್ಯಾ?"

"ಆಮೇಲೆ ಮೂರು ವರ್ಷ ಆಡಿದೆ."

ಝೋಫಿ ಅನಂತಪದ್ಮನಾಭರ ಕಡೆ ತಿರುಗಿದಳು. ನಮ್ಮ ಮಕ್ಕಳಿಂದ ಕಲಿತ ಸಂಬೋಧನೆಯೇ ಬಾಯಿಗೆ ಬಂತು: "ಅಂಕಲ್, ಆ ಮುಂದಿನ ಮ್ಯಾಚ್ ಹಾಕಿ."

"ಅದು ನನ್ನ ಹತ್ರ ಇಲ್ಲ ಪುಟ್ಟಿ," ಎಂದರು ಅನಂತಪದ್ಮನಾಭ. ಪಾಪ, ಬೆವರಿಬಿಟ್ಟಿದ್ದರು.

"ಹಾಗಾದ್ರೆ ನೀನೇ ಹೇಳಪ್ಪ," ಎಂದು ಅವಳು ವೇದಿಕೆಯ ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

ಬಾರ್ನಾ ಕೆಟ್ಟ ಮಂಡಿಯ ಕಾಲನ್ನು ನೀಡಿಕೊಂಡು ಅವಳೆದುರು ನೆಲಕ್ಕೆ ಇಳಿದ. ತಟ್ಟೆಯಿಂದ ಸೇಬುಗಳನ್ನು ತೆಗೆದು ಸಾಲಾಗಿಟ್ಟ, ಎದುರಿಗೆ ಕಿತ್ತಳೆ ಜೋಡಿಸಿದ. ತನ್ನ ಭಾಷೆಯಲ್ಲೇ ಹೇಳತೊಡಗಿದ. ಮೈಕು ಹಾಗೇ ಇತ್ತು. ಸಭಾಂಗಣದ ತುಂಬ ಹಂಗೇರಿಯನ್ ಮಾತು. ಒಂದಕ್ಷರ ಅರ್ಥವಾಗದಿದ್ದರೂ ಯಾರೂ ಎದ್ದು ಕಾಫಿಗೆ ಹೋಗಲಿಲ್ಲ. ಗೆಜ್ಜೆ ಕಟ್ಟಿದ ಮಕ್ಕಳು ಪರದೆಯ ಪಕ್ಕದಲ್ಲಿ ಕಾಯುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. "ಏನು ಹೇಳ್ತಿದಾನೆ?" ಎಂದು ಎಮೆಷೆಯನ್ನು ಕೇಳಿದೆ.

ಅವಳು ಕಣ್ಣೊರೆಸಿಕೊಂಡಳು. "ಆ ಮ್ಯಾಚಲ್ಲಿ ಮೊದಲ್ನೇ ಬಾಲೇ ಅದೇ ತರಹ ಪಕ್ಕದಿಂದ ಬಂತಂತೆ."

"ಬಿಟ್ಟನಾ?"

"ಇಲ್ಲ. ಮತ್ತೆ ಕಾಲು ಚಾಚಿದನಂತೆ."