ಸಂಘದ ಮೇಜಿನ ಹಿಂದೆ

ಮೇಜಿನ ಬಟ್ಟೆ ಮತ್ತೆ ಗಾಳಿಗೆ ಎದ್ದಿತು, ಒಂದು ಮೂಲೆಗೆ ನೀರಿನ ಬಾಟಲಿ, ಇನ್ನೊಂದಕ್ಕೆ ನನ್ನ ಮೊಣಕೈ, ಮುಸ್ಲಿಂ ವಿದ್ಯಾರ್ಥಿ ಸಂಘ ಅಂತ ನಾನೇ ಕೂತು ಬಣ್ಣ ತುಂಬಿದ ಅಕ್ಷರಗಳು, ಸೊನ್ನೆ ಸ್ವಲ್ಪ ದಪ್ಪವಾಯಿತು, ಆಗಲಿ, ಓದುವವರು ಯಾರಿದ್ದಾರೆ — ಪಕ್ಕದ ಸಂಗೀತದವರ ಮೇಜಿಗೆ ಜೇನು ಮುತ್ತಿದ ಹಾಗೆ ಜನ, ಆ ಸಾಲು ನನ್ನ ಹತ್ತಿರ ಬಂದಾಗ ಬಳುಕಿ ಆಚೆ ಸರಿಯುತ್ತದೆ, ಕೆಸರು ಕಂಡ ಹಾಗೆ, ಯಾರೂ ಬೈಯುವುದಿಲ್ಲ, ಬೈದರೆ ಉತ್ತರ ಕೊಡಬಹುದಿತ್ತು, ನಗುತ್ತಾರೆ, ನಗುತ್ತಲೇ ದಾಟುತ್ತಾರೆ. ಹೊಸಬರು ಸಂಘಗಳಿಗೆ ಸೇರುವ ದಿನ ಇವತ್ತು, ಸಂಜೆಯೊಳಗೆ ಒಬ್ಬರಾದರೂ ಸೇರದಿದ್ದರೆ ಮೆಟ್ಟಿಲ ಕೆಳಗಿನ ನಮ್ಮ ಕೋಣೆ ಚೆಸ್ ತಂಡಕ್ಕೆ, ಆಫೀಸಿನ ಮ್ಯಾನೇಜರ್ ಎಷ್ಟು ಮೆತ್ತಗೆ ಹೇಳಿದರು, ರೂಲ್ಸ್ ಕಣಮ್ಮ, ನಾನೇನ್ ಮಾಡ್ಲಿ — ಕಳೆದ ವರ್ಷ ಆ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ, ಪರೀಕ್ಷೆ ಹತ್ತಿರವಾದರೆ ನಮ್ಮವರಲ್ಲದವರೂ ಬಂದು ಓದುತ್ತಿದ್ದರು, ಫ್ಯಾನು ಚೆನ್ನಾಗಿದೆ ಅಂತ, ಆಮೇಲೊಂದು ಬೆಳಿಗ್ಗೆ ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ಯಾರೋ ಬರೆದಿದ್ದರು, ತೊಲಗಿ ಅಂತ, ಸಂಘದ ಅಧ್ಯಕ್ಷೆಯೂ ನಾನೂ ಥಿನ್ನರ್ ಹಾಕಿ ಉಜ್ಜಿದೆವು, ಉಜ್ಜುತ್ತಲೇ ಅವಳು ಅಂದಳು, ಕಾಗುಣಿತ ಸರಿಯಾಗಿದೆ ಕಣೇ, ಓದ್ದೋನೇ ಬರ್ದಿರೋದು, ಹೊಟ್ಟೆ ಹಿಡಿದುಕೊಂಡು ನಕ್ಕೆವು, ಅದೇ ವಾರ ಅವಳು ಬರುವುದು ನಿಂತಿತು. ನಮ್ಮಪ್ಪ ಹೆದರ್ಕೊಂಡಿದಾರೆ ಕಣೇ, ನೀನೂ ಬಿಟ್ಬಿಡು — ಒಬ್ಬೊಬ್ಬರಾಗಿ ಎಲ್ಲರೂ ಜಾರಿಕೊಂಡರು, ಎದುರಾದರೆ ಫೋನು ನೋಡುತ್ತಾರೆ, ಉಳಿದವಳು ಕಾರ್ಯದರ್ಶಿ ನಾನು, ಯಾರಿಗೆ ಕಾರ್ಯದರ್ಶಿ, ಫ್ಯಾನಿಗೆ.

ಆದರೆ ತಮ್ಮ ಬರುತ್ತಾನೆ, ಇದೇ ಕಾಲೇಜಿನ ಮೊದಲ ವರ್ಷಕ್ಕೆ ಸೇರಿದ್ದಾನಲ್ಲ, ಒಡಹುಟ್ಟಿದವನು, ಒಬ್ಬ ಸಾಕು, ಅಗೋ ಬಂದೇಬಿಟ್ಟ, ಹೊಸ ಗೆಳೆಯರಿಬ್ಬರ ನಡುವೆ, ನಾನು ಕೈ ಎತ್ತಿ ಬೀಸುತ್ತೇನೆ, ಎತ್ತರದ ಹುಡುಗ ಅವನ ಪಕ್ಕೆಗೆ ತಿವಿಯುತ್ತಾನೆ, ಯಾರೋ ಅವಳು, ನಿಂಗೇ ಕೈ ಬೀಸ್ತಿದಾಳೆ — ಗೊತ್ತಿಲ್ಲಪ್ಪ, ಯಾರೋ ಏನೋ, ಅಂದ ನನ್ನ ತಮ್ಮ, ಎಷ್ಟು ಸಲೀಸಾಗಿ ಅಂದ, ಅಂದವನೇ ಬಗ್ಗಿದ, ಶೂ ಲೇಸು ಬಿಗಿಯಾಗಿಯೇ ಇತ್ತು, ಅದನ್ನು ಬಿಚ್ಚಿ ಮತ್ತೆ ಕಟ್ಟಿದ, ನನ್ನ ಮೇಜಿನ ಮುಂದೆ, ಮುಖ ಎತ್ತದೆ, ಕತ್ತು ಮಾತ್ರ ಕಾಣುತ್ತಿತ್ತು, ನಿನ್ನೆ ನಾನೇ ಕೂದಲು ಕತ್ತರಿಸಿದ ಕತ್ತು, ಬಿಸಿಲು ಕಾಣದ ಬಿಳಿ ಪಟ್ಟಿ, ಅಕ್ಕಾ ಕಚಗುಳಿ ಆಗುತ್ತೆ, ಅಲ್ಲಾಡ್ಬೇಡ್ವೋ ಕಿವಿ ಹೋಗುತ್ತೆ, ಬಾಗಿಲಲ್ಲಿ ನಿಂತಿದ್ದ ಅಮ್ಮಿ ಅವನಿಗೆ ಹೇಳಿದ್ದು, ಕಾಲೇಜಲ್ಲಿ ಅಕ್ಕನ ಹಿಂದೆ ಮುಂದೆ ಓಡಾಡ್ಬೇಡ, ಮನೇಲಿ ಒಬ್ರಾದ್ರೂ ನೆಮ್ಮದಿಯಾಗಿ ಓದ್ಲಿ, ತಮಾಷೆ ಅಂದುಕೊಂಡು ನಾನೂ ನಕ್ಕಿದ್ದೆ — ಅವನ ಹೆಸರು ಗಂಟಲವರೆಗೂ ಬಂತು, ಕೂಗಿದರೆ ನನಗೆ ಅಂಟಿದ್ದು ಅವನಿಗೂ ಅಂಟುತ್ತದೆ, ಎತ್ತಿದ್ದ ಕೈಯಿಂದ ತಲೆವಸ್ತ್ರ ಸರಿಮಾಡಿಕೊಂಡೆ, ಅದಕ್ಕೇ ಎತ್ತಿದ್ದೆ ಎನ್ನುವ ಹಾಗೆ. ಬಿಸಿಲು ಇಳಿಯಿತು, ಆಫೀಸಿನ ಜವಾನ ಬಂದ, ಕೋಣೆ ಕೀ ಕೊಡ್ತೀರಾಮ್ಮ, ಕೊಟ್ಟೆ, ಇನ್ನು ಮನೆಗೆ ಹೋಗಬೇಕು, ಎದುರುಬದುರು ಕೂತು ಉಣ್ಣಬೇಕು, ನೀರು ಕೊಡಕ್ಕ ಅನ್ನುತ್ತಾನೆ, ಕೊಡುತ್ತೇನೆ, ಏನಂತ ಕೇಳಲಿ, ತಪ್ಪು ಅವನದಾ, ಅಮ್ಮಿಯದಾ, ಬೈಯಲು ಒಂದು ಮುಖವಾದರೂ ಬೇಡವೇ, ಮುಖವೇ ಇಲ್ಲ, ಬಗ್ಗಿದ ಕತ್ತು, ಕತ್ತರಿಗೆ ಸಿಗದೆ ಉಳಿದ ಒಂದೆಳೆ ಕೂದಲು, ಆ ಬಿಳಿ ಕತ್ತು, ಏಳುವುದೇ ಇಲ್ಲ, ಬಗ್ಗಿಯೇ ಇದೆ